ಹಿಂಗಾರಿನಲ್ಲಿ ಎಲೆಕೋಸಿನ ಸಂರಕ್ಷಣೆ

ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಜಿಲ್ಲೆಗಳಲ್ಲಿ ಮಾರುಕಟ್ಟೆಗಾಗಿ ಬೆಳೆಯುವ ಎಲೆಕೋಸಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ ಎರಡು ಬಾಧೆಗಳು ಮುಖ್ಯವಾದವು. ಮಳೆ ಬಿಡುವು ಕೊಟ್ಟಾಗ ವಜ್ರಬೆನ್ನಿನ ಪತಂಗದ ಹಸಿರು ಮರಿಹುಳುಗಳು ಎಲೆಗಳನ್ನು ತಿಂದು ರಂಧ್ರ ಮಾಡುತ್ತವೆ. ಬಿರುಮಳೆಯು ಎಳೆಯ ಹುಳುಗಳನ್ನು ತೊಳೆದುಹಾಕುತ್ತದೆ. ಆದರೆ ಅದೇ ತೇವದಲ್ಲಿ ಕಪ್ಪು ಕೊಳೆ ರೋಗ ಹರಡುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ನಿರ್ವಹಿಸಬೇಕಾಗುತ್ತದೆ.

ಕೀಟ ನಿರ್ವಹಣೆ

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸಾಸಿವೆಯನ್ನು ಬಲೆ ಬೆಳೆಯಾಗಿ ಬೆಳೆಯುವ ಪದ್ಧತಿಯನ್ನು ರೂಪಿಸಿದೆ. ಪ್ರತಿ 25 ಸಾಲು ಕೋಸಿಗೆ 2 ಸಾಲು ಸಾಸಿವೆಯಿರುತ್ತದೆ. ಮೊದಲ ಸಾಲನ್ನು ಕೋಸಿನ ನಾಟಿಗೆ 15 ದಿನ ಮುಂಚೆ, ಎರಡನೆಯದನ್ನು ನಾಟಿಯಾದ 25 ದಿನಗಳ ನಂತರ ಬಿತ್ತಲಾಗುತ್ತದೆ. ಪತಂಗವು ಸಾಸಿವೆಗೆ ಆಕರ್ಷಿತವಾಗಿ ಅಲ್ಲಿಯೇ ಹೆಚ್ಚು ಮೊಟ್ಟೆಯಿಡುತ್ತದೆ. ಕೋಸಿಗೆ ಸಿಂಪಡಿಸುವ ಶೇ. 4ರ ಬೇವಿನ ಬೀಜದ ಕಷಾಯವು ಮಳೆಯಲ್ಲಿ ತೊಳೆದುಹೋಗುವುದರಿಂದ, ಮಳೆಯಿಲ್ಲದ ಸಂಜೆಯಲ್ಲಿ ಸಿಂಪಡಿಸುವುದು ಸೂಕ್ತ.

ತೇವ ನಿರ್ವಹಣೆ

ಕಪ್ಪು ಕೊಳೆ ರೋಗವು ಬ್ಯಾಕ್ಟೀರಿಯಾದಿಂದ ಬರುತ್ತದೆ. ಎಲೆಯಂಚಿನಲ್ಲಿ ಕಾಣುವ ಇಂಗ್ಲಿಷಿನ ‘ವಿ’ ಆಕಾರದ ಹಳದಿ ಮಚ್ಚೆ ಇದರ ಗುರುತು. ರೋಗವು ಬೀಜದಿಂದಲೂ ಸಿಡಿಯುವ ಮಳೆಹನಿಗಳಿಂದಲೂ ಹರಡುತ್ತದೆ. ಏರುಮಡಿಯಲ್ಲಿ ನಾಟಿ, ನೀರು ಬಸಿದುಹೋಗಲು ಕಾಲುವೆ ಹಾಗೂ ರಾಗಿಯಂತಹ ಅನ್ಯ ಕುಟುಂಬದ ಬೆಳೆಯೊಡನೆ ಪರಿವರ್ತನೆ ಇದರ ಮುಖ್ಯ ನಿಯಂತ್ರಣ ಕ್ರಮಗಳು. ಎಲೆಗಳು ಒದ್ದೆಯಾಗಿರುವಾಗ ತೋಟದಲ್ಲಿ ಓಡಾಡಬಾರದು. ಸಾಸಿವೆಗೂ ಈ ರೋಗ ತಗಲುವುದರಿಂದ ಅದರ ಬೀಜವೂ ರೋಗಮುಕ್ತವಾಗಿರಬೇಕು.