ಬೀಸಣಿಗೆ ಹೂವು

ಹೂವೆಂದರೆ ದುಂಡಗಿರಬೇಕು, ನಡುವಿನ ಸುತ್ತ ಎಸಳುಗಳು ಸಮನಾಗಿ ಹರಡಿರಬೇಕು ಎಂಬುದು ನಮ್ಮ ಕಣ್ಣಿಗೆ ರೂಢಿಯಾದ ನಿರೀಕ್ಷೆ. ಆ ನಿರೀಕ್ಷೆಯನ್ನು ಮುರಿಯುವ ಒಂದು ಹೂವಿನ ವಿಚಾರವನ್ನು ನಾನಿಲ್ಲಿ ಹೇಳಹೊರಟಿದ್ದೇನೆ. ಇದರ ಐದು ಎಸಳುಗಳೂ ಒಂದೇ ಬದಿಗೆ ಸರಿದು ಬಿಚ್ಚಿದ ಬೀಸಣಿಗೆಯಂತೆ ನಿಲ್ಲುತ್ತವೆ. ಮೇಲಿನ ಅರ್ಧವನ್ನು ಯಾರೋ ಹರಿದುಕೊಂಡು ಹೋದಂತೆ ತೋರುತ್ತದೆ. ಬಣ್ಣ ನೀಲಿ ಬೆರೆತ ನೇರಳೆ. ಕೆಲವು ತಳಿಗಳಲ್ಲಿ ಬಿಳಿ ಅಥವಾ ಗುಲಾಬಿ. ಸಸ್ಯಶಾಸ್ತ್ರಜ್ಞರು ಇದರ ಕುಲವನ್ನು ಸ್ಕೀವೋಲ ಎಂದು ಕರೆದಿದ್ದಾರೆ. ರೋಮಿನ ಐತಿಹ್ಯದಲ್ಲಿ ಮ್ಯೂಸಿಯಸ್ ಎಂಬ ತರುಣನು ಶತ್ರುರಾಜನ ಎದುರಿಗೆ ತನ್ನ ಬಲಗೈಯನ್ನು ಬೆಂಕಿಗೊಡ್ಡಿ, ‘ಎಡಗೈಯವನು’ ಎಂಬರ್ಥದ ಈ ಬಿರುದನ್ನು ಪಡೆದನಂತೆ. ಐದು ಬೆರಳು ಚಾಚಿದ ಒಂಟಿ ಕೈಯಂತಿರುವ ಹೂವಿಗೆ ಆ ಹೆಸರು ಒಪ್ಪಿತು. ಕನ್ನಡದಲ್ಲಿ ನಾನು ಇದನ್ನು ಬೀಸಣಿಗೆ ಹೂವೆಂದೇ ಕರೆಯುತ್ತೇನೆ.

ಕುಂಡದ ಅಂಚಿನಿಂದ ಜೋತುಬೀಳುವ ಸ್ಕೀವೋಲ ಏಮ್ಯುಲ ದಕ್ಷಿಣ ಆಸ್ಟ್ರೇಲಿಯದ ಕಡೆಯ ಗಿಡ. 1810ರಲ್ಲಿ ರಾಬರ್ಟ್ ಬ್ರೌನನು ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಉರಿಬಿಸಿಲು, ಕಡಲಗಾಳಿ, ಬಡ ಮಣ್ಣು ಇದಕ್ಕೆ ಹೊಸತಲ್ಲ. ಆದ್ದರಿಂದಲೇ ಕಾರವಾರ, ಅಂಕೋಲೆಗಳ ಅಂಗಳಕ್ಕೆ ಇದು ಹೊಂದಿಕೊಳ್ಳುತ್ತದೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಅಂಕೋಲೆಯಲ್ಲಿ ಗಾಳಿಯಲ್ಲಿಯೂ ಉಪ್ಪಿದೆ. ಅನೇಕ ಸುಕುಮಾರ ಹೂಗಿಡಗಳು ಅದಕ್ಕೆ ಸೋತು ಎಲೆಯಂಚು ಸುಟ್ಟುಕೊಳ್ಳುವಾಗ ಈ ಗಿಡ ತಾಳಿಕೊಳ್ಳುತ್ತದೆ.

ಆದರೆ ಇದರ ಹಸಿವು ವಿಚಿತ್ರವಾದದ್ದು. ಆಸ್ಟ್ರೇಲಿಯದ ಪ್ರಾಚೀನ, ಸವೆದ ಮಣ್ಣಿನಲ್ಲಿ ರಂಜಕ ಬಲು ಕಡಿಮೆ. ಅಲ್ಲಿ ಬೆಳೆದ ಗಿಡಗಳ ಬೇರು ಸಿಕ್ಕ ಚೂರುಪಾರು ರಂಜಕವನ್ನು ಹೀರಲು ಕಲಿತಿದೆಯೇ ಹೊರತು, ಹೆಚ್ಚಾದುದನ್ನು ಬೇಡವೆನ್ನಲು ಕಲಿತಿಲ್ಲ. ನಮ್ಮ ಕರಾವಳಿಯವರು ತೆಂಗಿಗೆ ಪ್ರೀತಿಯಿಂದ ಹಾಕುವ ಮೀನುಗೊಬ್ಬರವಾಗಲಿ, ಗುಲಾಬಿಗೆ ಹಾಕುವ ಎಲುಬಿನ ಪುಡಿಯಾಗಲಿ ಈ ಗಿಡಕ್ಕೆ ಔತಣವಲ್ಲ, ಅಜೀರ್ಣ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ, ಗಿಡಕ್ಕೆ ಕಬ್ಬಿಣ ದಕ್ಕುತ್ತಿಲ್ಲವೆಂದು ತಿಳಿಯಬೇಕು. ರಂಜಕ ಅತಿಯಾದರೂ, ಮಣ್ಣಿನಲ್ಲಿ ಸುಣ್ಣ ಹೆಚ್ಚಿದರೂ ಹೀಗಾಗುತ್ತದೆ. ಆದುದರಿಂದ ಚಿಪ್ಪಿನ ಚೂರು ಬೆರೆತ ಕಡಲ ಮರಳನ್ನು ಕುಂಡಕ್ಕೆ ತುಂಬಬಾರದು, ಚಿಪ್ಪೆಂದರೆ ಸುಣ್ಣವೇ.

ನಾವು ಸದಾ ದೂರುವ ನಮ್ಮ ಕೆಂಪು ಚಿರೇಕಲ್ಲು ಮಣ್ಣು ಇಲ್ಲಿ ನೆರವಿಗೆ ಬರುತ್ತದೆ. ಅದು ಆಮ್ಲಗುಣದ್ದು, ಕಬ್ಬಿಣ ತುಂಬಿದ್ದು, ರಂಜಕವನ್ನು ತನ್ನಲ್ಲೇ ಬಿಗಿಹಿಡಿದುಕೊಳ್ಳುವಂಥದು. ಬತ್ತಕ್ಕೆ ದೋಷವಾದ ಗುಣಗಳೆಲ್ಲ ಈ ಹೂವಿಗೆ ವರವೆನ್ನಬೇಕು. ಎರಡು ಪಾಲು ಚಿರೇಕಲ್ಲು ಮಣ್ಣು, ಒಂದು ಪಾಲು ಹೊಳೆಮರಳು, ಒಂದು ಪಾಲು ಚೆನ್ನಾಗಿ ಕೊಳೆತ ಎಲೆಗೊಬ್ಬರ: ಇದು ನಾನು ಬಳಸುವ ಮಿಶ್ರಣ. ತೆಂಗಿನ ನಾರಿನ ಪುಡಿ ಬೆರೆಸುವವರು ಅದನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆದುಕೊಳ್ಳಲಿ.

ಈ ಗಿಡದ ನಿಜವಾದ ಶತ್ರು ನಮ್ಮ ಮಳೆಗಾಲ. ಜೂನಿನಿಂದ ಸೆಪ್ಟೆಂಬರದವರೆಗೆ ಈ ಕರಾವಳಿಯಲ್ಲಿ 3000 ಮಿಲಿಮೀಟರಿನಷ್ಟು ಮಳೆ ಸುರಿಯುವಾಗ, ನೀರು ನಿಂತ ಕುಂಡದಲ್ಲಿ ಬೇರು ಕೊಳೆಯದೆ ಇರದು. ಕುಂಡಗಳನ್ನು ಸೂರಿನಡಿಗೆ ಸರಿಸಿ, ಅಡಿಗೆ ಎರಡು ಹಂಚಿನ ಚೂರು ಕೊಟ್ಟು ಎತ್ತರಿಸಬೇಕು. ಮಡಿಯಲ್ಲಿ ಬೆಳೆಸುವವರಿಗೆ ಆ ಸೌಲಭ್ಯವಿಲ್ಲ. ಅವರು ಮೇ ತಿಂಗಳಲ್ಲೇ ಎಳೆಯ ತುದಿಗಳನ್ನು ನಾಲ್ಕಂಗುಲ ಕತ್ತರಿಸಿ, ಕೆಳಗಿನ ಎಲೆ ಬಿಡಿಸಿ, ಒದ್ದೆ ಮರಳಿನಲ್ಲಿ ನೆರಳಿಗೆ ಊರಿಟ್ಟುಕೊಂಡರೆ ತಳಿ ಉಳಿಯುತ್ತದೆ. ದಸರೆ ಕಳೆದ ಮೇಲೆ ಒಂದಡಿ ಎತ್ತರಿಸಿದ ಮಡಿಯಲ್ಲಿ, ಒಂದೂವರೆ ಅಡಿಗೊಂದರಂತೆ ನೆಡಬಹುದು. ಮೊದಮೊದಲು ತುದಿ ಚಿವುಟಿದರೆ ಕವಲು ಹೆಚ್ಚುತ್ತದೆ. ಬಾಡಿದ ಹೂವನ್ನು ಕೀಳುವ ಕೆಲಸವಿಲ್ಲ; ಅದು ತಾನಾಗಿಯೇ ಉದುರಿಹೋಗುತ್ತದೆ.

ಭೂತಗನ್ನಡಿ ಇದ್ದವರು ಹೂವಿನ ನಡುವಿನ ಶಲಾಕೆಯನ್ನು ನೋಡಬೇಕು. ಅದರ ತುದಿಯಲ್ಲೊಂದು ಪುಟ್ಟ ಬಟ್ಟಲಿದೆ. ಹೂವು ಅರಳುವ ಮುನ್ನವೇ ಪರಾಗವು ಅದರೊಳಗೆ ಬಿದ್ದಿರುತ್ತದೆ. ಬಂದ ದುಂಬಿಯ ಬೆನ್ನಿಗೆ ಶಲಾಕೆಯೇ ಅದನ್ನು ಬಡಿಸುತ್ತದೆ. ಪರಾಗವೆಲ್ಲ ಮುಗಿದ ಮೇಲೆ ಬಟ್ಟಲಿನಿಂದ ಶಲಾಕಾಗ್ರ ಹೊರಬಂದು, ಬೇರೆ ಹೂವಿನ ಪರಾಗಕ್ಕೆ ಕಾಯುತ್ತದೆ.

ಇಷ್ಟೆಲ್ಲ ಉಪಚಾರ ಬೇಡುವ ಈ ಅತಿಥಿಗೆ ನಮ್ಮ ಸಮುದ್ರದ ದಂಡೆಗಳಲ್ಲೇ ಒಬ್ಬ ಜ್ಞಾತಿಯಿರುವುದು ಅನೇಕರಿಗೆ ತಿಳಿಯದು. ಸ್ಕೀವೋಲ ಟಕ್ಕಾಡ ಎಂಬ ಪೊದೆ ಭಾರತದ ಎರಡೂ ಕರಾವಳಿಗಳಲ್ಲುಂಟು. ದಪ್ಪನೆಯ ಹೊಳೆವ ಎಲೆ, ಬಿಳಿಯ ಅರ್ಧ ಹೂವು, ಬಿಳಿಯ ಹಣ್ಣು. ಹಣ್ಣು ಬೆಂಡಿನಂತೆ ತೇಲಿ, ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿದ್ದೂ ಮೊಳೆಯಬಲ್ಲದು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೊರಬಂದ ವಾನ್ ರೀಡೆಯ ‘ಹೊರ್ತುಸ್ ಮಲಬಾರಿಕುಸ್’ ಗ್ರಂಥದಲ್ಲಿ ಇದರ ಚಿತ್ರವಿದೆ. ಆ ಗ್ರಂಥಕ್ಕೆ ನೆರವಾದವರಲ್ಲಿ ಕೊಂಕಣಿ ಮಾತಿನ ಮೂವರು ವೈದ್ಯರೂ ಇದ್ದರು. ಹವಾಯಿ ದ್ವೀಪದ ಜನ ಇದರ ಅರ್ಧ ಹೂವಿಗೆ ಕತೆ ಕಟ್ಟಿದ್ದಾರೆ: ಅಗಲಬೇಕಾಗಿ ಬಂದ ಪ್ರೇಮಿಗಳು ಒಂದು ಹೂವನ್ನು ಹರಿದು ಹಂಚಿಕೊಂಡರಂತೆ. ಅಂದಿನಿಂದ ಒಂದರ್ಧ ಬೆಟ್ಟದ ಮೇಲೆ ಅರಳುತ್ತದೆ, ಇನ್ನೊಂದರ್ಧ ಕಡಲ ತಡಿಯಲ್ಲಿ.

ಇದೇ ಪೊದೆಯನ್ನು ಮರಳು ಹಿಡಿಯಲೆಂದು ಅಮೆರಿಕದ ಫ್ಲಾರಿಡಾಕ್ಕೆ ಒಯ್ದರು. ಅಲ್ಲಿ ಅದು ಮೇರೆಮೀರಿ ಹಬ್ಬಿ, ಅಲ್ಲಿಯ ತನ್ನ ಸ್ವಂತ ಬಂಧುವನ್ನೇ ದಂಡೆಯಿಂದ ಹೊರದೂಡಿತು. ಆದುದರಿಂದ ನಾನು ಆಸ್ಟ್ರೇಲಿಯದ ಬೀಸಣಿಗೆ ಹೂವನ್ನು ಅಂಗಳ ದಾಟಲು ಬಿಡುವವನಲ್ಲ.

ದಂಡೆಯ ಕೆಲಸಕ್ಕೆ ದಂಡೆಯವರೇ ಇದ್ದಾರೆ. ಮೇಕೆಯ ಗೊರಸಿನಂಥ ಎಲೆಯ ಅಡುಂಬು ಬಳ್ಳಿ ಮೊದಲು ಬಂದು ಮರಳಿನ ಮೇಲೆ ಹರಿದು, ಗೆಣ್ಣುಗೆಣ್ಣಿಗೂ ಬೇರೂರುತ್ತದೆ. ಗಾಳಿಯಲ್ಲಿ ಉರುಳುವ ಮುಳ್ಳುಚೆಂಡುಗಳ ಹುಲ್ಲು ಹಿಂಬಾಲಿಸುತ್ತದೆ. ಇವು ತಡೆದ ಮರಳು ದಿಬ್ಬವಾದ ಮೇಲೆ ಪೊದೆಗಳ ಸರದಿ. ಆ ದಿಬ್ಬ ಮಳೆಗಾಲದ ತೆರೆಗೆ ಒಂದಷ್ಟು ಮರಳನ್ನು ಬಿಟ್ಟುಕೊಟ್ಟು, ಚಳಿಗಾಲದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಉದ್ಯಾನದ ಹೆಸರಿನಲ್ಲಿ ಈ ಬಳ್ಳಿಯನ್ನು ಕಳೆಯೆಂದು ಕೆತ್ತಿ, ಆ ಜಾಗದಲ್ಲಿ ಸಿಮೆಂಟಿನ ಕುಂಡಗಳನ್ನು ಸಾಲಾಗಿ ಜೋಡಿಸುವುದು ನನಗೆ ಹಿಡಿಸದು. ಕುಂಡಕ್ಕೆ ದಿನವೂ ನೀರು ಹೊರಬೇಕು. ಅಡುಂಬಿಗೆ ಯಾರೂ ಹೊತ್ತದ್ದಿಲ್ಲ. ಬರಿದಾದ ದಂಡೆಯಲ್ಲಿ ಅದನ್ನು ಮತ್ತೆ ಹಬ್ಬಿಸುವ ಮನಸ್ಸಿದ್ದವರು, ಮಳೆಯ ಅಬ್ಬರ ಇಳಿದ ಸೆಪ್ಟೆಂಬರಿನಲ್ಲಿ, ದೊಡ್ಡ ತೆರೆ ಮುಟ್ಟುವ ಗೆರೆಯಿಂದ ಹತ್ತು ಹೆಜ್ಜೆ ಮೇಲೆ, ಮೂರು ಗೆಣ್ಣಿನ ತುಂಡುಗಳನ್ನು ಓರೆಯಾಗಿ ಹೂತರೆ ಸಾಕು.