ರುಮಾಲಿನಲ್ಲಿ ಕಟ್ಟಿಟ್ಟ ಊರು

ಬೆಳಗಾವಿ ಜಿಲ್ಲೆಯ ಸರ್ಕಾರಿ ದಾಖಲೆಗಳು ಒಂದೇ ಕಾಲಕ್ಕೆ ಹುಟ್ಟಿದವಲ್ಲ, ಒಂದೇ ಕಚೇರಿಯಲ್ಲಿ ಇರುವವೂ ಅಲ್ಲ. ಹೊಲದ ಉತಾರ (ಹಕ್ಕು ದಾಖಲೆಯ ನಕಲು), ಸರ್ವೆ ಟಿಪ್ಪಣಿ, ಮನೆಯ ಸಿಟಿ ಸರ್ವೆ ಕಾರ್ಡು, ಖರೀದಿ ಪತ್ರ, ಭೂನ್ಯಾಯ ಮಂಡಳಿಯ ತೀರ್ಪು, ಪ್ರತಿಯೊಂದರ ಹಿಂದೆಯೂ ಆಯಾ ಕಾಲದ ಆಡಳಿತ ಕೇಳಿದ ಒಂದು ಪ್ರಶ್ನೆ ಇದೆ. ಕಂದಾಯ ಎಷ್ಟು ಬರಬೇಕು? ಅದನ್ನು ಕಟ್ಟುವವರು ಯಾರು? ಉಳುವವರು ಯಾರು? ಹಳೆಯ ಕಾಗದವೊಂದನ್ನು ಹುಡುಕಿಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವವರಿಗೆ ಈ ಇತಿಹಾಸ ದಾರಿ ತೋರಿಸುತ್ತದೆ. ಕಾಗದ ಯಾಕೆ ಹುಟ್ಟಿತು ಎಂಬುದು ಗೊತ್ತಾದರೆ ಅದು ಎಲ್ಲಿದೆ ಎಂಬುದು ಬಹುಪಾಲು ಗೊತ್ತಾದಂತೆಯೇ.

ಪೇಶ್ವೆಯರ ಕಾಲದಲ್ಲಿ ಊರಿನ ದಫ್ತರವೆಂದರೆ ಕುಲಕರ್ಣಿಯ ಮನೆಯ ದಫ್ತರ. ಲೆಕ್ಕ ಬರೆಯುವುದು ಅವನ ವತನ, ಅಂದರೆ ತಲೆಮಾರಿನಿಂದ ತಲೆಮಾರಿಗೆ ಬಂದ ಹಕ್ಕು. ಯಾರ ಹೊಲ ಯಾವುದು, ಯಾವುದು ಇನಾಮು, ಯಾರು ಎಷ್ಟು ಬಾಕಿ ಎಂಬುದೆಲ್ಲ ಬಟ್ಟೆಯ ರುಮಾಲಿನಲ್ಲಿ ಕಟ್ಟಿಟ್ಟ ಹಾಳೆಗಳಲ್ಲಿತ್ತು. ಬರಹ ಹೆಚ್ಚಾಗಿ ಮೋಡಿ ಲಿಪಿಯಲ್ಲಿ. ಉಳುವ ರೈತನಿಗೆ ಅದನ್ನು ಓದಲು ಬರುತ್ತಿರಲಿಲ್ಲ, ತೋರಿಸು ಎಂದು ಕೇಳುವ ಹಕ್ಕೂ ಇರಲಿಲ್ಲ. 1818ರಲ್ಲಿ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋನ ಸೇನೆ ಬೆಳಗಾವಿ ಕೋಟೆಯನ್ನು ಹಿಡಿದ ಮೇಲೆ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1836ರಲ್ಲಿ ಧಾರವಾಡದಿಂದ ಬೇರೆಯಾಗಿ ಬೆಳಗಾವಿ ಪ್ರತ್ಯೇಕ ಜಿಲ್ಲೆಯಾಯಿತು.

ಆ ಕಾಲದ ಕಚೇರಿಯ ಕಾಗದ ಜನರಿಗೆ ಏನಾಗಿ ಕಂಡಿತ್ತು ಎಂಬುದಕ್ಕೆ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮವೇ ಸಾಕ್ಷಿ. ಕಿತ್ತೂರು ಬಿದ್ದ ಮೇಲೆ ಸಂಗೊಳ್ಳಿ ರಾಯಣ್ಣನ ಜಮೀನಿನ ಬಹುಭಾಗ ಜಪ್ತಿಯಾಯಿತು, ಉಳಿದದ್ದರ ಮೇಲೆ ಭಾರಿ ಕಂದಾಯ ಬಿತ್ತು. 1830ರ ಆರಂಭದಲ್ಲಿ ಅವನ ಪಡೆ ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ಬಂಡಾಯಗಾರರು ದಫ್ತರವನ್ನು ಸುಟ್ಟದ್ದು ಅವಿವೇಕದಿಂದಲ್ಲ. ಜಮೀನು ಕಳೆದುಕೊಂಡವರಿಗೆ ಆ ಹಾಳೆಗಳೇ ತಮ್ಮ ಸೋಲಿನ ದಸ್ತಾವೇಜಾಗಿದ್ದವು. ಮರುವರ್ಷ ಅದೇ ತಾಲ್ಲೂಕಿನ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು.

ಇಂದು ಸರ್ವೆ ಕಚೇರಿಯಲ್ಲಿ ಸಿಗುವ ಅತ್ಯಂತ ಹಳೆಯ ದಾಖಲೆಗಳ ಮೂಲ ಪುಣೆ ಜಿಲ್ಲೆಯ ಇಂದಾಪುರದಲ್ಲಿದೆ. 1830ರ ದಶಕದ ನಡುವೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಅಲ್ಲಿ ಹೊಸ ಬಗೆಯ ಮೋಜಣಿ, ಅಂದರೆ ಭೂಮಾಪನ ಶುರುಮಾಡಿದರು. 1840ರ ದಶಕದಲ್ಲಿ ಅದು ಬೆಳಗಾವಿಯೂ ಸೇರಿದ್ದ ದಕ್ಷಿಣ ಮರಾಠಾ ಸೀಮೆಗೆ ಬಂತು. ಅದರ ನಿಯಮಗಳು 1847ರ ಜಂಟಿ ವರದಿಯಲ್ಲಿ ಗಟ್ಟಿಯಾದವು. ಅಳತೆಗೆ 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಒಂದು ಚದರ ಸರಪಳಿ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಖಾನಾಪುರದ ಗದ್ದೆಯ ಉತಾರದಲ್ಲಿ ಎಕರೆ, ಗುಂಟೆಗಳ ಮುಂದೆ ಇಂದಿಗೂ ಆಣೆಯ ಲೆಕ್ಕ ಕಾಣುವುದು ಆ ಸರಪಳಿಯ ಕಾರಣದಿಂದಲೇ.

ಅಳತೆ ಮುಗಿದ ಮೇಲೆ ಮಣ್ಣಿನ ಪರೀಕ್ಷೆ. ಈ ಕೆಲಸದವರು ಹೊಲವನ್ನು ಚುಕ್ಕಿ ಗೆರೆಗಳಿಂದ ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದಲ್ಲಿ ಮಣ್ಣಿನ ಬಣ್ಣ ಯಾವುದು, ಆಳ ಎಷ್ಟು ಮೊಳ ಎಂದು ನೋಡುತ್ತಿದ್ದರು. ಒಂದೂಮುಕ್ಕಾಲು ಮೊಳ ಆಳದ ಒಳ್ಳೆಯ ಮಣ್ಣಿಗೆ 16 ಆಣೆ. ಆಳ ಕಡಿಮೆಯಾದಂತೆ ಆಣೆಯೂ ಇಳಿಯುತ್ತಿತ್ತು. ಸುಣ್ಣಕಲ್ಲು, ಮರಳು, ಇಳಿಜಾರು, ನೀರು ನಿಲ್ಲುವ ಜಾಗ, ಒಂದೊಂದು ದೋಷಕ್ಕೆ ಒಂದೊಂದು ಗುರುತು. ಹೊಲದ ಆಕಾರ ಮತ್ತು ಅಳತೆಗಳನ್ನು ಕೈಯಿಂದ ಬರೆದ ಚಿತ್ರವೇ ಟಿಪ್ಪಣಿ. ಸರ್ವೆ ನಂಬರುವಾರು ಕ್ಷೇತ್ರ ಮತ್ತು ಕಂದಾಯದ ಪಟ್ಟಿ ಆಕಾರಬಂದ್. ಮುಂದೆ ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡಾಗ ಹೆಚ್ಚು ಕಡಿಮೆಯ ಲೆಕ್ಕ ಸರಿದೂಗಿಸಲು ಬಂದದ್ದು ಕಮ್ಮಿ ಜಾಸ್ತಿ ಪತ್ರಕ. ಒತ್ತುವರಿಯ ಜಗಳ ಇಂದು ಕೋರ್ಟಿನವರೆಗೆ ಹೋದರೆ ಕೊನೆಗೆ ತೆರೆಯುವುದು ಈ ಮೂರನ್ನೇ. ಆದ್ದರಿಂದ ಗಡಿಯ ಪ್ರಶ್ನೆಗೆ ತಹಶೀಲ್ದಾರ್ ಕಚೇರಿಯಲ್ಲಿ ಉತಾರ ತೆಗೆಸಿ ಪ್ರಯೋಜನವಿಲ್ಲ. ಅರ್ಜಿ ಹೋಗಬೇಕಾದದ್ದು ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಗೆ, ಅಂದರೆ ತಾಲ್ಲೂಕಿನ ಸರ್ವೆ ಕಚೇರಿಗೆ.

ಈ ಇಡೀ ಮೋಜಣಿ ಒಂದು ವಿಷಯವನ್ನು ಮಾತ್ರ ಕೇಳಿರಲಿಲ್ಲ: ಹೊಲ ನಿಜಕ್ಕೂ ಯಾರದು? ಸರ್ಕಾರಕ್ಕೆ ಕಂದಾಯ ಕಟ್ಟುವ ಹೆಸರೊಂದು ಸಿಕ್ಕರೆ ಸಾಕಾಗಿತ್ತು. ಖಾತೆದಾರ ಸತ್ತು ಎಷ್ಟೋ ವರ್ಷವಾದರೂ ಅವನದೇ ಹೆಸರು ಮುಂದುವರಿಯುತ್ತಿತ್ತು. ಹೊಲ ಅಡವು ಬಿದ್ದು ಸಾಹುಕಾರನ ಪಾಲಾಗಿದ್ದರೂ ದಫ್ತರಕ್ಕೆ ಅದರ ಸುಳಿವಿರಲಿಲ್ಲ. ಈ ಕೊರತೆ ನೀಗಲು ಮುಂಬೈ ಸರ್ಕಾರ 1903ರಲ್ಲಿ ಹಕ್ಕು ದಾಖಲೆ ಕಾಯ್ದೆ ತಂದಿತು. 1913ರಲ್ಲಿ ಅದನ್ನು 1879ರ ಮುಂಬೈ ಭೂಕಂದಾಯ ಸಂಹಿತೆಯಲ್ಲೇ ಸೇರಿಸಿತು. ಖರೀದಿ, ವಾರಸಾ, ವಾಟ್ನಿ (ಪಾಲು), ಅಡವು, ಹೀಗೆ ಯಾವುದರಿಂದಲಾದರೂ ಹಕ್ಕು ಕೈಬದಲಾದಾಗ ಅದನ್ನು ನಮೂದಿಸಬೇಕು, ಚಾವಡಿಯಲ್ಲಿ ನೋಟಿಸು ಹಚ್ಚಬೇಕು, ತಕರಾರು ಬಂದರೆ ವಿಚಾರಣೆ ನಡೆಸಿ ಮೇಲಧಿಕಾರಿ ಮಂಜೂರು ಮಾಡಬೇಕು. ಹಾಗೆ ಮಂಜೂರಾದ ನಮೂದು ತಪ್ಪೆಂದು ಸಾಬೀತಾಗುವವರೆಗೆ ನಿಜ. ಊರಿನ ಕಾಗದಕ್ಕೆ ಮೊದಲ ಬಾರಿಗೆ ರೈತನ ಪರವಾಗಿಯೂ ಸಾಕ್ಷಿ ಹೇಳುವ ಶಕ್ತಿ ಬಂದದ್ದು ಇಲ್ಲಿಂದ. ಈ ಸೀಮೆಯ ದಾಖಲೆ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ.

ಹುಡುಕಾಟದ ಮುಖ್ಯ ಕೀಲಿಯೂ ಇದೇ ವ್ಯವಸ್ಥೆಯಲ್ಲಿದೆ. ಹಳೆಯ ಕೈಬರಹದ ಉತಾರದಲ್ಲಿ ಹೆಸರಿನ ಪಕ್ಕ ಒಂದು ಸಂಖ್ಯೆ ಇರುತ್ತದೆ. ಎಷ್ಟೋ ಕಡೆ ಹೆಸರಿಗೆ ಕಂಸ ಹಾಕಿ ಅದರ ಕೆಳಗೆ ಹೊಸ ಹೆಸರು, ಹೊಸ ಸಂಖ್ಯೆ ಬರೆದಿರುತ್ತದೆ. ಅದು ಹಕ್ಕು ಬದಲಾವಣೆಯ ನಮೂದಿನ ಸಂಖ್ಯೆ. ಆ ನಮೂದಿನ ನಕಲು ತೆಗೆಸಿದರೆ ಯಾರು ತೀರಿಕೊಂಡರು, ವಾರಸುದಾರರು ಯಾರ್‍ಯಾರು, ಹೆಣ್ಣುಮಕ್ಕಳ ಹೆಸರು ಸೇರಿತೇ ಬಿಟ್ಟುಹೋಯಿತೇ, ಯಾವ ತಾರೀಖಿನ ಖರೀದಿ ಪತ್ರ ಎಂಬುದೆಲ್ಲ ಅಲ್ಲಿರುತ್ತದೆ. ಅಲ್ಲಿಂದ ಹಿಂದಿನ ಸಂಖ್ಯೆಗೆ, ಅದರಿಂದ ಇನ್ನೂ ಹಿಂದಿನದಕ್ಕೆ ಹೋಗುತ್ತಾ ಒಂದು ಹೊಲದ ಶತಮಾನದ ಚರಿತ್ರೆಯನ್ನು ಬಿಡಿಸಬಹುದು. ‘ನಮ್ಮ ಹೊಲದ ಎಲ್ಲ ಹಳೆಯ ಕಾಗದ ಕೊಡಿ’ ಎಂಬ ಅರ್ಜಿಗೆ ಉತ್ತರ ಸಿಗುವುದು ಕಷ್ಟ. ಊರು, ಸರ್ವೆ ನಂಬರು, ಹಿಸ್ಸಾ, ನಮೂದಿನ ಸಂಖ್ಯೆ ಬರೆದ ಅರ್ಜಿಯನ್ನು ಇಲ್ಲ ಎನ್ನುವುದು ಕಷ್ಟ.

ಸ್ವಾತಂತ್ರ್ಯ ಬಂದ ಮೇಲೆ 1950ರ ಮುಂಬೈ ಕಾಯ್ದೆಯಿಂದ ಕುಲಕರ್ಣಿ ವತನ ರದ್ದಾಯಿತು. ಲೆಕ್ಕ ಸಂಬಳದ ನೌಕರನಾದ ತಲಾಠಿಯ ಕೈಗೆ ಬಂತು. ಅವನ ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು ಬಂದಿದ್ದರೂ ಹಳ್ಳಿಯಲ್ಲಿ ಅವನು ತಲಾಠಿಯೇ. 1956ರ ನವೆಂಬರ್ 1ರಂದು ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1964ರ ಭೂಕಂದಾಯ ಕಾಯ್ದೆ ಹಳೆಯ ಮುಂಬೈ ಸಂಹಿತೆಯ ಜಾಗಕ್ಕೆ ಬಂತು. ಹಕ್ಕು ಮತ್ತು ಬೆಳೆ ಎರಡನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಪಹಣಿ ರೂಢಿಗೆ ಬಂತು. ಈ ರಾಜ್ಯ ಬದಲಾವಣೆಯಿಂದ ಖಾನಾಪುರದ ಅನೇಕ ಕುಟುಂಬಗಳ ದಾಖಲೆ ಎರಡು ಭಾಷೆಗಳಿಗೆ ಹಂಚಿಹೋಗಿದೆ. ಅಜ್ಜನ ಹೆಸರಿನ ನಮೂದು ಮರಾಠಿಯಲ್ಲಿ, ಇನ್ನೂ ಹಳೆಯದಾದರೆ ಮೋಡಿಯಲ್ಲಿ, ಮೊಮ್ಮಗನದು ಕನ್ನಡದಲ್ಲಿ. ಮೋಡಿ ಓದಬಲ್ಲವರು ವಿರಳವಾಗುತ್ತಿರುವುದು ನಿಜಕ್ಕೂ ಆತಂಕದ ವಿಷಯ. ನಕಲು ಕೈಗೆ ಸಿಕ್ಕರೂ ಓದಿಸಲಾಗದೆ ಅದು ವ್ಯರ್ಥವಾಗುತ್ತದೆ.

ಗೇಣಿದಾರರ ಕಾಗದದ ದಾರಿಯೇ ಬೇರೆ. 1961ರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರ್ಕಾರದಲ್ಲಿ ನಿಹಿತವಾಯಿತು. ಉಳುವವರು ನಮೂನೆ 7ರಲ್ಲಿ ಅರ್ಜಿ ಕೊಟ್ಟರು, ತಾಲ್ಲೂಕು ಭೂನ್ಯಾಯ ಮಂಡಳಿ ತೀರ್ಪು ಹೇಳಿತು, ಗೆದ್ದವರಿಗೆ ನಮೂನೆ 10ರ ಪ್ರಮಾಣಪತ್ರ ಬಂತು. ಈ ಕಡತಗಳು ತಹಶೀಲ್ದಾರ್ ಕಚೇರಿಯ ಅಭಿಲೇಖಾಲಯದಲ್ಲಿರುತ್ತವೆ. ಹುಡುಕಲು ಬೇಕಾದದ್ದು ಮಂಡಳಿಯ ಪ್ರಕರಣ ಸಂಖ್ಯೆ. ಅದು ಗೊತ್ತಿಲ್ಲದಿದ್ದರೆ ಉತಾರದಲ್ಲಿ ಆ ತೀರ್ಪನ್ನು ದಾಖಲಿಸಿದ ಹಕ್ಕು ಬದಲಾವಣೆಯ ನಮೂದಿನಲ್ಲಿ ಸಿಗುತ್ತದೆ.

2000ದ ಸುಮಾರಿಗೆ ಬಂದ ಭೂಮಿ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕೇಂದ್ರದಲ್ಲಿ ಯಾರು ಬೇಕಾದರೂ ಪಹಣಿ ಪಡೆಯಬಹುದಾಯಿತು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಲಾಠಿಯ ಮನೆಯ ಮುಂದೆ ಕಾಯುವ ದಿನಗಳು ಮುಗಿದದ್ದು ಸಣ್ಣ ಸಾಧನೆಯಲ್ಲ. ಆದರೆ ಭೂಮಿಗೆ ಏರಿದ್ದು ಆ ಹೊತ್ತಿನ ಸ್ಥಿತಿ ಮಾತ್ರ. ಅದರ ಹಿಂದಿನ ಕೈಬರಹದ ಪುಸ್ತಕಗಳೆಲ್ಲ ರುಮಾಲಿನಲ್ಲೇ ಉಳಿದವು. ಕೈಬರಹದಿಂದ ಇಳಿಸಿಕೊಳ್ಳುವಾಗ ಬಿಟ್ಟುಹೋದ ಹೆಸರು, ತಪ್ಪಾದ ಗುಂಟೆ ಸರಿಪಡಿಸಲು ರೈತರು ಇಂದಿಗೂ ಆ ಪುಸ್ತಕಗಳಿಗೇ ಹೋಗಬೇಕು.

ಬೆಳಗಾವಿ ನಗರದೊಳಗೆ ಹೊಲದ ಉತಾರದ ಮಾತು ನಡೆಯುವುದಿಲ್ಲ. ಹಳೆಯ ಪೇಟೆ, ಗಲ್ಲಿಗಳ ಮನೆಗಳಿಗೆ ಇರುವುದು ಸಿಟಿ ಸರ್ವೆ ನಂಬರು. ಅದರ ಪ್ರಾಪರ್ಟಿ ಕಾರ್ಡಿನಲ್ಲಿ ಅಳತೆಯೂ ಮಾಲೀಕರ ಸರಣಿಯೂ ಇರುತ್ತವೆ. ಮಹಾನಗರ ಪಾಲಿಕೆಯ ಖಾತೆ ತೆರಿಗೆಯ ಲೆಕ್ಕಕ್ಕೆ ಹುಟ್ಟಿದ್ದು, ಮಾಲೀಕತ್ವಕ್ಕೆ ಅದೊಂದೇ ಆಧಾರವಾಗದು. ಖರೀದಿ, ದಾನ, ಅಡವಿನ ಪತ್ರಗಳು ಉಪನೋಂದಣಿ ಕಚೇರಿಯಲ್ಲಿ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿಯ ಪತ್ರಗಳಿರುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಇನ್ನು ಕ್ಯಾಂಪ್ ಪ್ರದೇಶ ದಂಡು ಮಂಡಳಿಯದು, ರಕ್ಷಣಾ ಇಲಾಖೆಯ ಅಧೀನ. ಅಲ್ಲಿನ ಬಂಗಲೆ, ನಿವೇಶನಗಳ ವಿವರ ಜನರಲ್ ಲ್ಯಾಂಡ್ ರಿಜಿಸ್ಟರಿನಲ್ಲಿದೆ. ಅದನ್ನು ಕೇಳಬೇಕಾದದ್ದು ಕೇಂದ್ರ ಸರ್ಕಾರದ ಅಧಿಕಾರಿಯನ್ನು. ಒಂದೇ ಊರಿನಲ್ಲಿ ರಸ್ತೆ ದಾಟಿದರೆ ದಾಖಲೆಯ ಒಡೆಯರೇ ಬದಲಾಗುತ್ತಾರೆ.

ನಕಲು ಕೇಳುವ ಹಕ್ಕು ಹೊಸದಲ್ಲ. 1872ರ ಸಾಕ್ಷ್ಯ ಕಾಯ್ದೆಯ 76ನೇ ಕಲಮಿನಲ್ಲೇ ಅದಿತ್ತು. ಆದರೆ ಅದು ನೋಡುವ ಹಕ್ಕಿದ್ದ ದಾಖಲೆಗಳಿಗೆ ಮಾತ್ರ. ನೋಡುವ ಹಕ್ಕು ಯಾರಿಗೆ ಎಂಬುದನ್ನು ಕಚೇರಿಯೇ ತೀರ್ಮಾನಿಸುತ್ತಿತ್ತು, 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ನೆರಳೂ ಅದರ ಮೇಲಿತ್ತು. ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತು. 2005ರ ಕೇಂದ್ರ ಕಾಯ್ದೆ ಅದೇ ವರ್ಷದ ಅಕ್ಟೋಬರ್ 12ರಿಂದ ಪೂರ್ಣ ಜಾರಿಗೆ ಬಂದು, ಯಾಕೆ ಬೇಕು ಎಂದು ಕೇಳುವ ಅಧಿಕಾರವನ್ನೇ ಕಚೇರಿಯಿಂದ ಕಿತ್ತುಕೊಂಡಿತು. ರಾಜ್ಯದ ನಿಯಮದಂತೆ ಅರ್ಜಿ ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉತ್ತರಕ್ಕೆ 30 ದಿನ. ಅರ್ಜಿ ಬೇರೆ ಕಚೇರಿಗೆ ಸೇರಿದ್ದಾದರೆ ಪಡೆದವರೇ 5 ದಿನದೊಳಗೆ ಅಲ್ಲಿಗೆ ವರ್ಗಾಯಿಸಬೇಕು. ಕಡತವನ್ನು ಖುದ್ದು ಕೂತು ನೋಡುವ ಹಕ್ಕೂ ಇದೇ ಕಾಯ್ದೆಯಲ್ಲಿದೆ. ಹಳೆಯ ದಾಖಲೆ ಹುಡುಕುವವರಿಗೆ ಇದರಷ್ಟು ಉಪಯುಕ್ತವಾದ ಅವಕಾಶ ಇನ್ನೊಂದಿಲ್ಲ, ಇದನ್ನು ಬಳಸುವವರು ಮಾತ್ರ ಕಡಿಮೆ. ಪುಟ ತಿರುಗಿಸಿ ನೋಡಿ, ಬೇಕಾದ ಹಾಳೆಯ ನಂಬರು ಗುರುತಿಸಿಕೊಂಡರೆ ನೂರಾರು ಪುಟದ ಹಣ ಉಳಿಯುತ್ತದೆ. ಉತಾರ, ನೋಂದಾಯಿತ ಪತ್ರ, ಕೋರ್ಟಿನ ಕಡತಗಳಂತೆ ನಕಲಿಗೆ ಪ್ರತ್ಯೇಕ ನಿಯಮವಿರುವಲ್ಲಿ ಆ ನಿಯಮದಂತೆ ನಕಲು ಅರ್ಜಿ ಹಾಕುವುದೇ ಹತ್ತಿರದ ದಾರಿ. ಅಧಿಕಾರಿ ಯಾವ ಆಧಾರದ ಮೇಲೆ ಆದೇಶ ಮಾಡಿದರು, ಟಿಪ್ಪಣಿ ಹಾಳೆಯಲ್ಲಿ ಏನು ಬರೆದರು ಎಂಬುದಕ್ಕೆ ಮಾಹಿತಿ ಹಕ್ಕು ಬೇಕು.

ಖಾನಾಪುರದ ಕಾಡಂಚಿನ ಹಳ್ಳಿಗಳಿಗೆ ಹಳೆಯ ದಾಖಲೆಯೆಂದರೆ ಬದುಕಿನ ಪ್ರಶ್ನೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸ ತೋರಿಸಬೇಕು. ಉತಾರವೇ ಇಲ್ಲದವರು ಅದನ್ನು ಹೇಗೆ ತೋರಿಸುವುದು? ಕಾಯ್ದೆಯ ನಿಯಮಗಳು ಇದಕ್ಕೆ ವಿಶಾಲವಾದ ದಾರಿ ಬಿಟ್ಟಿವೆ. ಗ್ಯಾಝೆಟಿಯರ್, ಜನಗಣತಿ, ಮೋಜಣಿ ವರದಿ, ನಕ್ಷೆ, ಹಿರಿಯರ ಹೇಳಿಕೆ, ಹಳೆಯ ಬಾವಿ, ಸ್ಮಶಾನ, ದೇವಸ್ಥಾನದಂಥ ಗುರುತುಗಳು ಎಲ್ಲವೂ ಪುರಾವೆಯಾಗಬಹುದು. ಒಂದು ಕಾಲಕ್ಕೆ ಕಂದಾಯ ಎಣಿಸಲು ಬರೆದ ಮೋಜಣಿ ವರದಿ ಇಲ್ಲಿ ಬಡವರ ಪರ ಸಾಕ್ಷಿಯಾಗಿ ನಿಲ್ಲುತ್ತದೆ. ಅದನ್ನು ಹುಡುಕಿ ಕೊಡುವ ಹೊಣೆಯನ್ನು ಕಚೇರಿಗಳು ತಮ್ಮದೆಂದು ತಿಳಿಯಬೇಕು.

2024ರಲ್ಲಿ ಕಂದಾಯ ಇಲಾಖೆ ಆರಂಭಿಸಿದ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಅಭಿಲೇಖಾಲಯದ ಹಾಳೆಗಳು ಸ್ಕ್ಯಾನ್ ಆಗುತ್ತಿವೆ. ಬೆರಳು ತಾಗಿದರೆ ಪುಡಿಯಾಗುವ ಹಾಳೆಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಸದ್ಯಕ್ಕಿಲ್ಲ. ಆದರೆ ಸ್ಕ್ಯಾನಿನ ಬೆಲೆ ಅದರ ಸೂಚಿಯಲ್ಲಿದೆ. ಊರು, ಸರ್ವೆ ನಂಬರು, ವರ್ಷ ಸರಿಯಾಗಿ ನಮೂದಾಗದ ಚಿತ್ರ ಕಂಪ್ಯೂಟರಿನಲ್ಲೂ ಕಳೆದುಹೋದ ಕಾಗದವೇ.

‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹ ಬಂದರೆ ಅಲ್ಲಿಗೆ ಹುಡುಕಾಟ ಮುಗಿಯಬೇಕಿಲ್ಲ. ಸರ್ಕಾರಿ ಕಡತಗಳಿಗೆ ವರ್ಗಗಳಿವೆ. ಎ ವರ್ಗದ್ದು ಶಾಶ್ವತ, ಉಳಿದವಕ್ಕೆ ವರ್ಷಗಳ ಮಿತಿ. ಅವಧಿ ಮುಗಿದು ನಾಶ ಮಾಡಿದ್ದರೆ ಅದಕ್ಕೂ ಆದೇಶ ಮತ್ತು ಪಟ್ಟಿ ಇರಬೇಕು, ಅದರ ನಕಲನ್ನು ಕೇಳಬಹುದು. ಮಾಹಿತಿ ಹಕ್ಕಿನ ಉತ್ತರದಿಂದ ತೃಪ್ತಿಯಾಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲಿಂದ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಬೆಳಗಾವಿಯಲ್ಲೂ ಇದೆ. ಜೊತೆಗೆ ಒಂದೇ ವ್ಯವಹಾರದ ಗುರುತು ಹಲವು ಕಡೆ ಬಿದ್ದಿರುತ್ತದೆ. ತಹಶೀಲ್ದಾರ್ ಕಚೇರಿಯಲ್ಲಿ ನಮೂದು ಹರಿದುಹೋಗಿದ್ದರೆ ಮೂಲ ಖರೀದಿ ಪತ್ರ ಉಪನೋಂದಣಿ ಕಚೇರಿಯ ಪುಸ್ತಕದಲ್ಲಿರಬಹುದು, ಹಿಸ್ಸೆಯ ಅಳತೆ ಸರ್ವೆ ಕಚೇರಿಯಲ್ಲಿರಬಹುದು, ತಕರಾರಿನ ವಿಚಾರಣೆ ಪ್ರಾಂತ ಸಾಹೇಬರ (ಉಪವಿಭಾಗಾಧಿಕಾರಿಯ) ಕಚೇರಿಯ ಕಡತದಲ್ಲಿರಬಹುದು. ಇನಾಮಿನ ಸನದಿನಂಥ ಪೇಶ್ವೆ ಕಾಲದ ಕಾಗದಗಳಿಗೆ ಪುಣೆಯ ಪೇಶ್ವೆ ದಫ್ತರ, ಇಲಾಖೆಗಳ ಹಳೆಯ ಪತ್ರವ್ಯವಹಾರಕ್ಕೆ ಮುಂಬೈಯ ಪತ್ರಾಗಾರ ಇವೆ.