ಆಡಿನ ಹಾಲು ಮಾರಿ ಶಾಲೆಗೆ ಹೋದ ಹುಡುಗಿ

ದೂರದ ದೇಶದ ಮಗುವಿಗೆ ಹಣ ಕೊಟ್ಟು ಓದಿಸೋರು ಇದ್ದಾರೆ. ನೀವು ಕೇಳಿರಬಹುದು. ಇದು ದತ್ತು ತಗೊಂಡ ಹಾಗಲ್ಲ. ಮಗು ತನ್ನ ಊರಲ್ಲೇ, ಅಪ್ಪ ಅವ್ವನ ಹತ್ತಿರವೇ ಇರುತ್ತದೆ. ದಾನಿಯು ತಿಂಗಳು ತಿಂಗಳು ಒಂದು ಸಂಸ್ಥೆಗೆ ಹಣ ಕಳಿಸುತ್ತಾನೆ. ಸಂಸ್ಥೆಯವರು ಶಾಲೆಯ ಫೀ, ಬಟ್ಟೆ, ಔಷಧಿ ನೋಡಿಕೊಳ್ಳುತ್ತಾರೆ. ದಾನಿಗೆ ಮಗುವಿನ ಕಾಗದ, ಫೋಟೋ ಬರುತ್ತವೆ.

ಇದರಿಂದ ಉಪಯೋಗ ಇದೆಯಾ? ಇದೆ. ಭಾರತವೂ ಸೇರಿ ಆರು ದೇಶಗಳಲ್ಲಿ ನಡೆದ ಒಂದು ಅಧ್ಯಯನ 2013ರಲ್ಲಿ ಅಚ್ಚಾಯಿತು. ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರ ಅದರಲ್ಲಿತ್ತು. ಸಹಾಯ ಸಿಕ್ಕ ಮಕ್ಕಳು ಉಳಿದವರಿಗಿಂತ ಒಂದರಿಂದ ಒಂದೂವರೆ ವರ್ಷ ಹೆಚ್ಚು ಓದಿದ್ದರು.

ಆದರೆ ಒಂದು ಮಾತು. ಮಗುವಿಗೆ ಪುಸ್ತಕ ಬಂತು, ಮನೆಯಲ್ಲಿ ಒಲೆ ಹೊತ್ತಲಿಲ್ಲ. ಆಗ ಮಗು ಶಾಲೆಗೆ ಹೋದೀತೋ, ಕೂಲಿಗೆ ಹೋದೀತೋ? ನಿಮಗೇ ಗೊತ್ತು. ಅದಕ್ಕೇ ಕೆಲವರು ಮನೆಯವರಿಗೇ ಒಂದು ಕಸುಬು ಹಾಕಿ ಕೊಡುತ್ತಾರೆ.

ಆಫ್ರಿಕಾದಲ್ಲಿ ಉಗಾಂಡಾ ಅಂತ ಒಂದು ದೇಶ. ಅಲ್ಲಿನ ಒಂದು ಹಳ್ಳಿಯ ಹುಡುಗಿ ಬಿಯಾಟ್ರಿಸ್ ಬೀರಾ. ಒಂಬತ್ತು ವರ್ಷವಾದರೂ ಅವಳು ಶಾಲೆ ಕಂಡಿರಲಿಲ್ಲ. ಆಗ ಅಲ್ಲಿ ಪ್ರಾಥಮಿಕ ಶಾಲೆಗೂ ಫೀ ಕಟ್ಟಬೇಕಿತ್ತು. ಸರ್ಕಾರ ಅದನ್ನು ತೆಗೆದದ್ದು 1997ರಲ್ಲಿ. ಅವಳ ಅಪ್ಪ ಅವ್ವನ ಹತ್ತಿರ ಅಷ್ಟು ದುಡ್ಡು ಇರಲಿಲ್ಲ.

ಅಮೆರಿಕದ ನಯಾಂಟಿಕ್ ಎಂಬ ಊರಿನ ಚರ್ಚಿನ ಮಕ್ಕಳು ಹಣ ಕೂಡಿಸಿದರು. ಹೈಫರ್ ಎಂಬ ಸಂಸ್ಥೆಯ ಮೂಲಕ ಆಡುಗಳನ್ನು ಕೊಡಿಸಿದರು. ಹೈಫರ್ ಅಂದ್ರೆ ಕಡಸು, ಇನ್ನೂ ಈಯದ ಆಕಳು. ಈ ಸಂಸ್ಥೆ 1944ರಿಂದ ಇದೆ. ಒಂದು ಲೋಟ ಹಾಲು ಕೊಟ್ಟರೆ ಒಂದು ಹೊತ್ತಿಗೆ ಆಯ್ತು, ಆಕಳನ್ನೇ ಕೊಟ್ಟರೆ? ಹೀಗೆ ಯೋಚಿಸಿ ಡ್ಯಾನ್ ವೆಸ್ಟ್ ಎಂಬ ರೈತ ಇದನ್ನು ಶುರು ಮಾಡಿದ.

ಒಂದು ಆಡು ಬಿಯಾಟ್ರಿಸಳ ಮನೆಗೆ ಬಂತು. ಅದಕ್ಕೆ ಮುಗೀಸಾ ಅಂತ ಹೆಸರಿಟ್ಟರು. ಅಂದ್ರೆ ಅದೃಷ್ಟ. ನಾವು ಆಕಳಿಗೆ ಲಕ್ಷ್ಮೀ, ಗೌರಿ ಅಂತ ಕರೆಯೋದಿಲ್ಲವೇ, ಹಾಗೆ. ಮುಗೀಸಾ ಅವಳಿ ಮರಿ ಹಾಕಿತು. ಮರಿಗಳು ಹಾಲು ಬಿಟ್ಟ ಮೇಲೆ ಮನೆಯ ಮಕ್ಕಳು ಹಾಲು ಕುಡಿದರು. ಉಳಿದದ್ದನ್ನು ಮಾರಿದರು. ಚೂರುಚೂರು ದುಡ್ಡು ಕೂಡಿತು. ಆ ದುಡ್ಡಲ್ಲಿ ಬಿಯಾಟ್ರಿಸ್ ಶಾಲೆ ಸೇರಿದಳು.

ಒಂದನೇ ತರಗತಿಯಲ್ಲಿ ಅವಳೇ ದೊಡ್ಡವಳು. ನೀವೂ ದೊಡ್ಡವರಾದ ಮೇಲೆ ಸ್ಲೇಟು ಹಿಡಿದವರು. ಅದು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅವಳು ಖುಷಿಯಿಂದ ಓದಿದಳು, ಶಾಲೆಗೇ ಮೊದಲಿಗಳಾದಳು. ಅವಳ ಕಥೆ 2001ರಲ್ಲಿ ಮಕ್ಕಳ ಪುಸ್ತಕವಾಯಿತು. ಅಮೆರಿಕದಲ್ಲಿ ಓದಿ 2008ರಲ್ಲಿ ಪದವಿ ಪಡೆದಳು.

ಆಡು ಕೊಟ್ಟು ಸಂಸ್ಥೆಯವರು ಸುಮ್ಮನೆ ಹೋಗೋದಿಲ್ಲ. ಮೊದಲು ಸಾಕಣೆ ಕಲಿಸುತ್ತಾರೆ. ಕೊಟ್ಟಿಗೆ, ಮೇವು, ರೋಗ ಎಲ್ಲಾ. ಮೇವಿಲ್ಲದ ಮನೆಗೆ ಆಡು ಬಂದರೆ ಅದೂ ಸಾಯುತ್ತದೆ, ಸಾಲವೂ ಆಗುತ್ತದೆ. ಇನ್ನೊಂದು ಕರಾರು ಉಂಟು. ಹುಟ್ಟಿದ ಮೊದಲ ಹೆಣ್ಣು ಮರಿಯನ್ನು ಬೇರೆ ಬಡ ಮನೆಗೆ ಕೊಡಬೇಕು. ನಮ್ಮ ಕಡೆ ಆಡನ್ನು ಪಾಲಿಗೆ ಕೊಡೋದುಂಟು. ಅಲ್ಲಿ ಮರಿಯ ಪಾಲು ಮಾಲೀಕನಿಗೇ ಹೋಗುತ್ತದೆ. ಇಲ್ಲಿ ಪಕ್ಕದ ಮನೆಗೆ ಹೋಗುತ್ತದೆ. ನನಗೆ ಈ ಲೆಕ್ಕವೇ ಹೆಚ್ಚು ಹಿಡಿಸಿತು. ಇವತ್ತು ತಗೊಂಡವರು ನಾಳೆ ಕೊಡುವವರಾಗುತ್ತಾರೆ, ಯಾರೆದುರೂ ತಲೆ ತಗ್ಗಿಸಬೇಕಾಗಿಲ್ಲ.

ನಿಮ್ಮ ಊರಿಗೂ ಇಂಥ ಸಂಸ್ಥೆಯವರು ಬರಬಹುದು. ವಿದೇಶದ ಹಣ ಪಡೆಯುವ ಸಂಸ್ಥೆಗೆ ಕೇಂದ್ರ ಗೃಹ ಇಲಾಖೆಯ ನೋಂದಣಿ ಅಥವಾ ಅನುಮತಿ ಇರಬೇಕು. ಕೇಳಿ, ತೋರಿಸಲಿ. "ನಿಮ್ಮ ಮಗನಿಗೆ ವಿದೇಶದ ದಾನಿ ಸಿಕ್ಕಿದ್ದಾರೆ, ಮೊದಲು ಸಾವಿರ ರೂಪಾಯಿ ಕಟ್ಟಿ" ಅಂದರೆ ಕಟ್ಟಬೇಡಿ. ಸಹಿ ಹಾಕುವ ಮೊದಲು ಕಾಗದ ಪೂರಾ ಓದಿ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಬಲ್ಲವರಿಂದ ಓದಿಸಿ ಕೇಳಿ.